ಗಂಗಾಮೂಲದಿಂದ ಮುಕ್ತಿಸದನದವರೆಗೆ: ಪಂಡಿತಾ ರಮಾಬಾಯಿಯವರ ಪಾದಯಾತ್ರೆ

ರೋಣ, ನರಗುಂದ, ಗಜೇಂದ್ರಗಡಗಳ ಕಡೆಯಿಂದ ನಮ್ಮ ಶಾಲೆಗೆ ಬರುವ ಹೆಣ್ಣುಮಕ್ಕಳು ಎರಡು ಬಗೆಯ ದಾರಿಗಳನ್ನು ಚೆನ್ನಾಗಿ ಬಲ್ಲರು. ಒಂದು, ಮಳೆಗಾಲದಲ್ಲಿ ಹೆಜ್ಜೆಹೆಜ್ಜೆಗೂ ಕಾಲನ್ನು ಹಿಡಿದು ನಿಲ್ಲಿಸುವ ಎರೆಯ ಹೊಲದ ದಾರಿ. ಇನ್ನೊಂದು, ನರಗುಂದದ ಕೋಟೆಗೂ ಗಜೇಂದ್ರಗಡದ ಕೋಟೆಗೂ ಕಾಲಕಾಲೇಶ್ವರನ ಗುಡಿಗೂ ಏರಿ ಹೋಗುವ ಕಲ್ಲಿನ ದಾರಿ. ಗುಡ್ಡವನ್ನು ಏರುವಾಗ ಅರ್ಧದಲ್ಲಿಯೇ ದಣಿದು ಕುಳಿತುಬಿಡುವವರುಂಟು. ಒಡನಾಡಿಯ ಕೈಹಿಡಿದು ತುದಿಯನ್ನು ಮುಟ್ಟುವವರೂ ಉಂಟು. ತುದಿಯನ್ನು ಮುಟ್ಟಿದವಳು ತಾನು ಬಂದ ದಾರಿಯನ್ನು ತಿರುಗಿ ನೋಡಿದಾಗ ಅವಳಲ್ಲಿ ಏನೋ ಒಂದು ಮಾರ್ಪಾಡು ಆಗಿರುತ್ತದೆ. ಆ ಮಾರ್ಪಾಡು ಎಂಥದು, ಅದರಿಂದ ಪರರಿಗೆ ಏನು ಪ್ರಯೋಜನ ಎಂಬುದನ್ನು ವಿಚಾರಿಸುವುದಕ್ಕಾಗಿ ನಾವು ಈ ಸಂಚಿಕೆಯಲ್ಲಿ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆ. ಅವರು ಬೆಟ್ಟದ ಮೇಲೆ ಹುಟ್ಟಿ, ಬಾಲ್ಯವನ್ನೂ ತಾರುಣ್ಯವನ್ನೂ ಕಾಲ್ನಡಿಗೆಯಲ್ಲಿಯೇ ಕಳೆದವರು.

ಕ್ರಿ. ಶ. 1858ನೆಯ ಇಸವಿಯನ್ನು ನಮ್ಮ ಸೀಮೆಯವರು ಮರೆಯುವಂತಿಲ್ಲ. ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ನರಗುಂದದ ಬಾಬಾಸಾಹೇಬರು ಆಂಗ್ಲ ಸರಕಾರದ ವಿರುದ್ಧ ಎದ್ದರು. ಜೂನ್ ತಿಂಗಳಲ್ಲಿ ಕೋಟೆಯು ಪರಾಧೀನವಾಗಿ, ಅವರು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಇತ್ತ ನರಗುಂದದ ಗುಡ್ಡವು ಕಾಳಗದ ಗದ್ದಲದಿಂದ ತುಂಬಿದ್ದಾಗ, ಅತ್ತ ಪಶ್ಚಿಮಘಟ್ಟದ ಗಂಗಾಮೂಲವೆಂಬ ಅರಣ್ಯಪ್ರದೇಶದ ಒಂದು ಮನೆಯಲ್ಲಿ ಒಂದು ತಿಂಗಳ ಹೆಣ್ಣುಕೂಸು ತಾಯಿಯ ಮಡಿಲಲ್ಲಿ ಮಲಗಿತ್ತು. ಏಪ್ರಿಲ್ 23ರಂದು ಹುಟ್ಟಿದ ಆ ಕೂಸೇ ರಮಾ. ಗಂಗಾಮೂಲವು ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನ. ಇಂದಿನ ಗದಗ ಜಿಲ್ಲೆಯ ದಕ್ಷಿಣದ ಎಲ್ಲೆಯಲ್ಲಿ ಹರಿಯುವ ತುಂಗಭದ್ರೆಯು ಆ ಬೆಟ್ಟದ ನೀರನ್ನೇ ನಮಗೆ ತಂದುಕೊಡುತ್ತಾಳೆ. ಆದುದರಿಂದ ರಮಾಬಾಯಿಯವರು ನಮಗೆ ಪರದೇಶದವರಲ್ಲ.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳ ಎಂಬ ಗ್ರಾಮದ ಮನೆತನದವರು. ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತಮ್ಮ ಗುರುಗಳು ಪೇಶವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಹೆಂಗಸರೂ ಓದಬಲ್ಲರು ಎಂಬ ವಿಷಯವು ಆ ದಿನವೇ ಅವರ ಮನಸ್ಸಿನಲ್ಲಿ ನಾಟಿತು. ತಮ್ಮ ಪತ್ನಿಗೆ ಪಾಠ ಹೇಳಲು ಹೊರಟಾಗ ಮನೆಯ ಹಿರಿಯರು ಅಡ್ಡಬಂದರು. ಆ ಪತ್ನಿಯು ಕಾಲವಾದ ಮೇಲೆ ತಮ್ಮ 44ನೆಯ ವಯಸ್ಸಿನಲ್ಲಿ ಅವರು ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾದರು. ವಯಸ್ಸಿನ ಈ ಅಂತರವು ಆ ಕಾಲದ ರೂಢಿಯೇ ಆಗಿದ್ದರೂ, ಅವರು ಆಕೆಗೆ ವಿದ್ಯೆಯನ್ನು ಕಲಿಸತೊಡಗಿದ್ದು ರೂಢಿಗೆ ಮೀರಿದ ಸಂಗತಿಯಾಗಿತ್ತು. ನೆರೆಹೊರೆಯವರು ಅಸಮಾಧಾನಪಟ್ಟರು, ಪಂಡಿತರು ಆಕ್ಷೇಪಿಸಿದರು. ಶಾಸ್ತ್ರಿಗಳು ಗ್ರಂಥಗಳ ಆಧಾರವನ್ನು ತೋರಿಸಿ ಉತ್ತರಕೊಟ್ಟರೂ ಊರಿನಲ್ಲಿರುವುದು ಬೇಡವೆಂದು ನಿಶ್ಚಯಿಸಿ ಬಾಲೆಯಾದ ಹೆಂಡತಿಯೊಡನೆ ಬೆಟ್ಟವನ್ನೇರಿದರು.

ಆ ಬೆಟ್ಟದ ಮೊದಲನೆಯ ರಾತ್ರಿ ತಲೆಯ ಮೇಲೆ ಸೂರಿರಲಿಲ್ಲ. ಕಣಿವೆಯ ಆಚೆಯ ಬದಿಯಲ್ಲಿ ಹುಲಿಯು ಗರ್ಜಿಸುತ್ತಿತ್ತು. ಲಕ್ಷ್ಮೀಬಾಯಿಯು ಹೊದಿಕೆಯನ್ನು ಬಿಗಿಯಾಗಿ ಸುತ್ತಿಕೊಂಡು ನಡುಗುತ್ತ ನೆಲದ ಮೇಲೆ ಬಿದ್ದಿದ್ದಳು. ಗಂಡನು ಬೆಳಗಾಗುವವರೆಗೂ ಕಾವಲು ಕುಳಿತನು. ಮರುದಿನದಿಂದ ಅಲ್ಲಿ ಒಂದು ಗುಡಿಸಲು ಎದ್ದಿತು; ಬರಬರುತ್ತ ಅದು ಮನೆಯಾಯಿತು, ವಿದ್ಯಾರ್ಥಿಗಳಿಂದ ತುಂಬಿದ ಪಾಠಶಾಲೆಯಾಯಿತು. ಆ ರಾತ್ರಿ ಹೆದರಿ ನಡುಗಿದ ಹುಡುಗಿಯೇ ಮುಂದೆ ಅದೇ ಕಾಡಿನಲ್ಲಿ ಸಂಸ್ಕೃತವನ್ನು ಕಲಿತು, ಪತಿಯು ಪರಸ್ಥಳಕ್ಕೆ ಹೋದಾಗ ವಿದ್ಯಾರ್ಥಿಗಳಿಗೆ ತಾನೇ ಪಾಠ ಹೇಳುವಷ್ಟು ಸಮರ್ಥಳಾದಳು. ನಮ್ಮ ವಿದ್ಯಾರ್ಥಿನಿಯರು ರಮಾಬಾಯಿಯವರ ಹೆಸರನ್ನು ಹೇಳುವಾಗ ಈ ತಾಯಿಯನ್ನು ಮರೆಯಬಾರದು.

ಬಂದ ಯಾತ್ರಿಕರಿಗೆಲ್ಲ ಅನ್ನವಿಕ್ಕಿ ಶಾಸ್ತ್ರಿಗಳು ತಮ್ಮ ಸೊತ್ತನ್ನು ಕಳೆದುಕೊಂಡರು, ಸಾಲವೂ ಆಯಿತು. ರಮೆಗೆ ಆರು ತಿಂಗಳು ತುಂಬಿದಾಗ ಆ ಸಂಸಾರವು ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಒಬ್ಬ ಆಳು ತಲೆಯ ಮೇಲೆ ಹೊತ್ತುಕೊಂಡು ಘಟ್ಟವನ್ನಿಳಿದನು. ಹೀಗೆ ತಾನು ನಡೆಯಲು ಕಲಿಯುವುದಕ್ಕೆ ಮುಂಚೆಯೇ ರಮೆಯ ಯಾತ್ರೆಯು ಆರಂಭವಾಯಿತು. ಅದು ಒಂದು ವರ್ಷದ, ಎರಡು ವರ್ಷದ ಯಾತ್ರೆಯಲ್ಲ. ತಂದೆ, ತಾಯಿ, ಅಣ್ಣ ಶ್ರೀನಿವಾಸ, ಅಕ್ಕ ಕೃಷ್ಣಾಬಾಯಿ ಇವರೊಡನೆ ಆಕೆಯು ಊರಿಂದೂರಿಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಲೇ ಬೆಳೆದಳು. ಗುಡಿಯ ಪಡಸಾಲೆಯಲ್ಲಿಯೋ ನದಿಯ ಘಟ್ಟದಲ್ಲಿಯೋ ಕುಳಿತು ಪುರಾಣವನ್ನು ಓದುವುದು, ಕೇಳಿದವರು ಕೊಟ್ಟ ದವಸದಿಂದಲೂ ಕಾಸಿನಿಂದಲೂ ಹೊಟ್ಟೆಹೊರೆಯುವುದು, ಮತ್ತೆ ಮುಂದಕ್ಕೆ ಹೋಗುವುದು. ಇದೇ ಅವರ ಜೀವನಕ್ರಮ.

ಶಾಲೆಯ ಮುಖವನ್ನೇ ಕಾಣದ ಈ ಹುಡುಗಿಗೆ ತಾಯಿಯೇ ಗುರುವಾದಳು. ಹಗಲೆಲ್ಲ ಕೆಲಸ, ನಡಿಗೆ. ಆದುದರಿಂದ ಬೆಳಗಿನ ಜಾವದಲ್ಲಿ ಹಕ್ಕಿಗಳು ಕೂಗುವ ಹೊತ್ತಿಗೆ ತಾಯಿಯು ಮಗಳನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ, ಮಡಿಲಲ್ಲಿ ಕುಳ್ಳಿರಿಸಿಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುವಳು. ಹನ್ನೆರಡನೆಯ ವಯಸ್ಸಿಗೆ ಭಾಗವತದ 18,000 ಶ್ಲೋಕಗಳು ಆಕೆಗೆ ಕಂಠಗತವಾಗಿದ್ದುವು. ನಡೆದ ಸೀಮೆಗಳ ಭಾಷೆಗಳೂ ಕಿವಿಗೆ ಬಿದ್ದು ಮನಸ್ಸಿನಲ್ಲಿ ನಿಂತವು. ಮರಾಠಿಯು ಮನೆಯ ನುಡಿ. ಅದರೊಡನೆ ಕನ್ನಡ, ಹಿಂದುಸ್ಥಾನಿ, ಮುಂದೆ ಬಂಗಾಲಿಯೂ ಬಂದವು.

ದಕ್ಷಿಣದಲ್ಲಿ ಬರಗಾಲವು ಕಾಲಿಟ್ಟಿತು. ಧಾತು, ಈಶ್ವರ ಸಂವತ್ಸರಗಳಲ್ಲಿ ಎಂದರೆ 1876ರಿಂದ 1878ರವರೆಗೆ ಆ ಮಹಾಕ್ಷಾಮವು ತುತ್ತತುದಿಗೇರಿ ನಮ್ಮ ಧಾರವಾಡ ಸೀಮೆಯ ಮೂಡಣ ತಾಲೂಕುಗಳನ್ನೂ ಹುರಿದುಬಿಟ್ಟಿತು. ರೋಣದ ಕಡೆಯ ಹಳೆಯ ಮನೆತನಗಳಲ್ಲಿ ಅದರ ನೆನಪು ತಲೆತಲಾಂತರವಾಗಿ ಉಳಿದಿತ್ತು. ಮದ್ರಾಸು ಪ್ರಾಂತದಲ್ಲಿ ಅಲೆಯುತ್ತಿದ್ದ ಶಾಸ್ತ್ರಿಗಳ ಸಂಸಾರಕ್ಕೆ ಅದರ ಬಿಸಿಯು ಕೆಲವು ವರ್ಷ ಮೊದಲೇ ತಟ್ಟಿತು. ಇದ್ದುದನ್ನೆಲ್ಲ ಮಾರಿದರು. ತಂದೆಗೆ ಕಣ್ಣು ಕಾಣದಾಗಿತ್ತು. ಕೂಲಿಗೆ ಹೋಗಲು ಮರ್ಯಾದೆ ಅಡ್ಡಬಂದಿತು. ಬೇಡಲು ನಾಲಗೆ ಏಳಲಿಲ್ಲ. ಕೊನೆಯ ಹಿಡಿ ಅಕ್ಕಿಯು ತೀರಿದ ದಿನ ಅವರೆಲ್ಲರೂ ಒಂದು ಪುಣ್ಯಗಿರಿಯ ಬಳಿಯ ಅರಣ್ಯವನ್ನು ಹೊಕ್ಕರು. ಹನ್ನೊಂದು ಹಗಲು, ಹನ್ನೊಂದು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡಿನ ಈಚಲ ಹಣ್ಣು, ಇಷ್ಟೇ ಆಹಾರ. ವೃದ್ಧನಾದ ತಂದೆಯು ಪವಿತ್ರ ಜಲದಲ್ಲಿ ಪ್ರಾಣಬಿಡಲು ಸಿದ್ಧನಾದಾಗ, ಮಗನು ತಾನು ಕೂಲಿಮಾಡಿ ಎಲ್ಲರನ್ನೂ ಸಾಕುವೆನೆಂದು ಹೇಳಿ ತಡೆದನು. ಆದರೂ 1874ರಲ್ಲಿ ತಂದೆಯು ತೀರಿಕೊಂಡನು.

ಕೆಲವು ವಾರಗಳಲ್ಲಿ ತಾಯಿಯೂ ಹಾಸಿಗೆ ಹಿಡಿದಳು. ಹಸಿವಿನಿಂದ ಮೈಮರೆತು ಕನವರಿಸುತ್ತಿದ್ದ ತಾಯಿಗಾಗಿ ರಮೆಯು ನೆರೆಮನೆಯ ಬಾಗಿಲಿಗೆ ಹೋದಳು. ಬೇಡಬೇಕೆಂದು ನಿಂತರೂ ನಾಚಿಕೆಯಿಂದ ಮಾತು ಹೊರಡಲಿಲ್ಲ, ಕಣ್ಣೀರೇ ಮಾತಾಡಿತು. ಆ ಗೃಹಿಣಿಯು ಕೊಟ್ಟ ಸಜ್ಜೆಯ ರೊಟ್ಟಿಯ ತುಂಡನ್ನು ತಂದು ಬಾಯಿಗಿಟ್ಟಾಗ ತಾಯಿಗೆ ನುಂಗುವ ಶಕ್ತಿಯಿರಲಿಲ್ಲ. ಆಕೆಯು ತೀರಿಕೊಂಡಾಗ ಶವವನ್ನು ಹೊರಲು ಜನರು ಸಿಕ್ಕಲಿಲ್ಲ. ಕೊನೆಗೆ ಇಬ್ಬರು ಕನಿಕರಪಟ್ಟು ಬಂದರು; ಮೂರನೆಯವನು ಅಣ್ಣ; ನಾಲ್ಕನೆಯ ಹೆಗಲು ಹದಿನಾರು ವರ್ಷದ ರಮೆಯದಾಗಬೇಕಾಯಿತು. ಆಕೆಯು ಗಿಡ್ಡಳಾದುದರಿಂದ ಚಟ್ಟದ ಮೂಲೆಯು ಹೆಗಲಿಗೆ ಎಟಕದೆ ತಲೆಯ ಮೇಲೆ ಹೊತ್ತಳು. ಸ್ಮಶಾನವು ಮೂರು ಮೈಲು ದೂರ. ಬೆಟ್ಟದಿಂದ ಇಳಿಯುವಾಗ ಪರರ ತಲೆಯ ಮೇಲೆ ಕುಳಿತು ಬಂದ ಕೂಸು ಈಗ ತಾಯಿಯನ್ನೇ ತಲೆಯ ಮೇಲೆ ಹೊತ್ತು ನಡೆಯಿತು. ಅನಂತರ ಅಕ್ಕನೂ ಗತಿಸಿದಳು. ಉಳಿದವರು ಅಣ್ಣ, ತಂಗಿ ಇಬ್ಬರೇ.

ಇಲ್ಲಿಯವರೆಗೆ ಹಿರಿಯರ ಹಿಂದೆ ನಡೆದವಳು ಇನ್ನು ತನ್ನ ಕಾಲಮೇಲೆ ತಾನು ನಡೆಯಬೇಕಾಯಿತು. ತಂದೆಯ ಸಂಕಲ್ಪವನ್ನು ಬಿಡಬಾರದೆಂದು ಅಣ್ಣತಂಗಿಯರು ಉತ್ತರಕ್ಕೆ ಮುಖಮಾಡಿದರು. ದಕ್ಷಿಣದ ಬಯಲುಗಳಿಂದ ಕಾಶ್ಮೀರದ ಪರ್ವತಗಳವರೆಗೆ, ಅಲ್ಲಿಂದ ಪೂರ್ವದಲ್ಲಿ ಬಂಗಾಳದವರೆಗೆ ಅವರ ಯಾತ್ರೆಯು ಬೆಳೆಯಿತು. ತಮ್ಮ ಕಾಲ್ನಡಿಗೆಯು 4,000 ಮೈಲಿಗೂ ಹೆಚ್ಚಾಯಿತೆಂದು ಬಾಯಿಯವರು ಮುಂದೆ ಬರೆದಿಟ್ಟಿದ್ದಾರೆ. ಬೆನ್ನಿಗೆ ಗಂಟುಮೂಟೆಯಿಲ್ಲ, ಕಾಲಿಗೆ ತಕ್ಕ ರಕ್ಷೆಯಿಲ್ಲ, ಚಳಿಗೆ ಕಂಬಳಿಯಿಲ್ಲ. ಮರದ ಕೆಳಗೆ, ಸೇತುವೆಯ ಕೆಳಗೆ ಮಲಗಿದರು. ನೀರಿನಲ್ಲಿ ನೆನೆಯಿಟ್ಟ ಒಂದು ಹಿಡಿ ಕಾಳಿಗೆ ಚೂರು ಉಪ್ಪು ಬೆರೆಸಿ ತಿಂದರು. ಅದೂ ಇಲ್ಲದಾಗ ಕಾಡುಹಣ್ಣುಗಳನ್ನು ಸಿಪ್ಪೆ ಬೀಜಗಳೊಡನೆ ನುಂಗಿದರು. ಪಂಜಾಬದ ಝೇಲಮ್ ನದಿಯ ದಂಡೆಯಲ್ಲಿ ಒಂದು ರಾತ್ರಿ ಚಳಿಯು ತಡೆಯಲಾರದಷ್ಟಾದಾಗ, ಮರಳಿನಲ್ಲಿ ಗೋರಿಯಂತೆ ಎರಡು ಗುಳಿಗಳನ್ನು ತೋಡಿ, ಅವುಗಳಲ್ಲಿ ಇಳಿದು, ತಲೆಯನ್ನು ಮಾತ್ರ ಹೊರಗಿಟ್ಟು ಮೈಮೇಲೆಲ್ಲ ಒಣಮರಳನ್ನು ಎಳೆದುಕೊಂಡು ಬೆಳಗುಮಾಡಿದರು. ತಮಗಾಗಿ ತಾವೇ ಗೋರಿಯನ್ನು ತೋಡಿಕೊಂಡವರು ಬೆಳಗಾಗುತ್ತಲೇ ಅದರಿಂದೆದ್ದು ಮತ್ತೆ ದಾರಿಹಿಡಿದರು.

ಇಷ್ಟು ಕಷ್ಟಗಳಿಂದ ಆಕೆಗೆ ಲಭಿಸಿದುದೇನು? ಶರೀರದ ಸಹನೆಯೊಂದೇ ಅಲ್ಲ. ತನ್ನ ಕಣ್ಣಿಂದ ಕಂಡು ನಿರ್ಣಯಿಸುವ ಧೈರ್ಯವೂ ಲಭಿಸಿತು. ಉತ್ತರದೇಶದ ಒಂದು ಸರೋವರದಲ್ಲಿ ಏಳು ಪರ್ವತಗಳು ತೇಲುತ್ತವೆ, ಶುದ್ಧಹೃದಯದ ಯಾತ್ರಿಕನು ಬಂದರೆ ಅವು ತಾವಾಗಿಯೇ ಬಳಿಗೆ ಬರುತ್ತವೆ, ಪಾಪಿಗೆ ಬರುವುದಿಲ್ಲ ಎಂದು ಅವರು ಕೇಳಿದರು. ದಡದಲ್ಲಿ ನಿಂತು ಭಕ್ತಿಯಿಂದ ಕೈಮುಗಿದರು. ಮೊಸಳೆಗಳಿವೆಯೆಂದು ಹೇಳಿ ಅರ್ಚಕರು ಯಾರನ್ನೂ ನೀರಿಗೆ ಇಳಿಯಗೊಡುತ್ತಿರಲಿಲ್ಲ. ಶ್ರೀನಿವಾಸನು ಮರುದಿನ ನಸುಕಿನಲ್ಲಿಯೇ ಎದ್ದು ಈಜಿಹೋಗಿ ನೋಡಿದನು. ಅವು ತೆಪ್ಪಗಳ ಮೇಲೆ ಮಣ್ಣು ತುಂಬಿ ಗಿಡ ನೆಟ್ಟು ಮಾಡಿದ ದಿಬ್ಬಗಳು; ಕಾಣಿಕೆ ಸಂದ ಮೇಲೆ ಮರೆಯಲ್ಲಿದ್ದವರು ಅವುಗಳನ್ನು ನೂಕುತ್ತಿದ್ದರು. ಈ ಕಥೆಯನ್ನು ನಾವು ಯಾರ ಶ್ರದ್ಧೆಯನ್ನೂ ಹಾಸ್ಯಮಾಡುವುದಕ್ಕಾಗಿ ಹೇಳುತ್ತಿಲ್ಲ. ಮೋಸಗಾರರು ಎಲ್ಲ ಮತಗಳಲ್ಲಿಯೂ ಉಂಟು. ಆದರೆ ತನಗಾಗಿ ಪರ್ವತವು ಚಲಿಸಲಿಲ್ಲವೆಂದು, ತಾನೇ ಪಾಪಿಷ್ಠಳೆಂದು ಕೊರಗಬೇಕಾಗಿದ್ದ ತರುಣಿಯು ಅಂದು ನಿಜವನ್ನು ಕಂಡುಕೊಂಡಳು. ಅರ್ಧ ದೇಶವನ್ನು ನಡೆದು ಬಂದವಳಿಗೆ ಆ ನಿಜವನ್ನು ಎದುರಿಸುವುದು ಸುಲಭವಾಗಿರಲಿಲ್ಲ. ಯಾವುದರ ಬಲದಿಂದ ಅಷ್ಟು ದೂರ ನಡೆದಿದ್ದಳೋ ಆ ನಂಬಿಕೆಯೇ ಸಡಿಲವಾಯಿತು. ಆದರೂ ಆಕೆಯು ನಡಿಗೆಯನ್ನು ನಿಲ್ಲಿಸಲಿಲ್ಲ. ಅಂದಿನಿಂದ ಆಕೆಯು ಪುಣ್ಯಕ್ಕಿಂತ ಹೆಚ್ಚಾಗಿ ಸತ್ಯವನ್ನು ಹುಡುಕುತ್ತ ನಡೆದಳು ಎಂದು ನಾವು ತಿಳಿಯುತ್ತೇವೆ. ಜೊತೆಗೆ, ಹಾದಿಯುದ್ದಕ್ಕೂ ಆಕೆಯು ಬಾಲವಿಧವೆಯರನ್ನೂ ಅನಾಥೆಯರನ್ನೂ ಕಂಡಿದ್ದಳು. ಪುಸ್ತಕದಲ್ಲಿ ಓದಿ ತಿಳಿಯಲಾಗದ ಸ್ತ್ರೀಯರ ದುಃಖವು ಆಕೆಯ ಕಣ್ಣಿಗೆ ಕಟ್ಟಿತ್ತು.

1878ರಲ್ಲಿ ಅಣ್ಣತಂಗಿಯರು ಕಲಕತ್ತೆಯನ್ನು ಮುಟ್ಟಿದರು. ಬರಿಗಾಲಿನಲ್ಲಿ ಬಂದ ಇಪ್ಪತ್ತು ವರ್ಷದ ಆ ಕನ್ಯೆಯ ಸಂಸ್ಕೃತಪಾಂಡಿತ್ಯವನ್ನು ಕಂಡು ಅಲ್ಲಿಯ ವಿದ್ವಾಂಸರು ಬೆರಗಾಗಿ ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನು ಕೊಟ್ಟರು. ಆದರೆ ಸುಖವು ಬಹುಕಾಲ ನಿಲ್ಲಲಿಲ್ಲ. 1880ರಲ್ಲಿ ಅಣ್ಣನು ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ಬಾಯಿಯವರು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಭೇದವನ್ನೆಣಿಸದೆ ವಿವಾಹವಾದರು. 1881ರಲ್ಲಿ ಮಗಳು ಮನೋರಮೆಯು ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ಪತಿಯು ವಾಂತಿಭೇದಿಗೆ ತುತ್ತಾದರು. ಆ ಮನೆಯಲ್ಲಿಯೇ ಅವರ ಕೈಗೆ ಬಂಗಾಲೀ ಭಾಷೆಯ ಲೂಕನ ಸುವಾರ್ತೆಯು ದೊರೆತಿತ್ತು. ಬೀಜವು ಬಿದ್ದಿತ್ತು, ಮೊಳೆಯಲು ಇನ್ನೂ ಕಾಲವಿತ್ತು.

ವಿಧವೆಯಾದ ಬಾಯಿಯವರು ಕೂಸನ್ನೆತ್ತಿಕೊಂಡು ಪುಣೆಗೆ ಬಂದು 1882ರಲ್ಲಿ ಆರ್ಯಮಹಿಳಾಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಹಂಟರ್ ಶಿಕ್ಷಣಮಂಡಲದ ಮುಂದೆ ಸಾಕ್ಷ್ಯ ಹೇಳಿ, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿಯ ಮಂದತೆಯು ಆ ದಾರಿಯನ್ನು ಮುಚ್ಚಿತು. ಆದರೆ ಬೇರೊಂದು ದಾರಿಯು ತೆರೆಯಿತು. ದಾರಿತಪ್ಪಿದ ಹೆಂಗಸರನ್ನು ಅಲ್ಲಿಯ ಕ್ರೈಸ್ತ ಸಹೋದರಿಯರು ತಿರಸ್ಕರಿಸದೆ ಪ್ರೀತಿಯಿಂದ ಎತ್ತಿ ನಿಲ್ಲಿಸುತ್ತಿದ್ದುದನ್ನು ಅವರು ಕಂಡರು. ಈ ಕನಿಕರದ ಮೂಲವೆಲ್ಲಿ ಎಂದು ವಿಚಾರಿಸಿದಾಗ, ಸಮಾರ್ಯದ ಬಾವಿಯ ಬಳಿ ಒಬ್ಬ ಸ್ತ್ರೀಯೊಡನೆ ಮಾತಾಡಿದ ಯೇಸುಸ್ವಾಮಿಯ ವೃತ್ತಾಂತವು ಅವರ ಹೃದಯವನ್ನು ಮುಟ್ಟಿತು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. ಕ್ರೈಸ್ತರಾದ ಮೇಲೆಯೂ ಅವರು ಸ್ವಂತ ವಿಚಾರವನ್ನು ಒತ್ತೆಯಿಡಲಿಲ್ಲ. ಗುರುಹಿರಿಯರೊಡನೆ ಮತತತ್ತ್ವಗಳ ವಿಷಯದಲ್ಲಿ ನಿರ್ಭಯವಾಗಿ ವಾದಿಸಿದರು. ಸರೋವರದ ದಡದಲ್ಲಿ ಕಲಿತ ಪಾಠವು ಇಂಗ್ಲೆಂಡಿನಲ್ಲಿಯೂ ಮರೆಯಲಿಲ್ಲ.

1886ರಲ್ಲಿ ಅಮೇರಿಕೆಗೆ ಹೋಗಿ ಆನಂದೀಬಾಯಿ ಜೋಶಿಯವರು ವೈದ್ಯಪದವಿಯನ್ನು ಪಡೆದ ಸಮಾರಂಭವನ್ನು ಕಂಡರು. ಉಚ್ಚವರ್ಣದ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಊರೂರು ತಿರುಗಿ ವಿಧವೆಯರ ಶಾಲೆಗೆ ಸಹಾಯವನ್ನು ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾಸದನವು ಆರಂಭವಾಗಿ, ಮರುವರ್ಷ ಪುಣೆಗೆ ಬಂದಿತು. ಅಲ್ಲಿಯೂ ದಾರಿಯು ಸಮತಟ್ಟಾಗಿರಲಿಲ್ಲ. ಸದನದ ವಿಧವೆಯರು ಬಾಯಿಯವರ ಪ್ರಾರ್ಥನೆಗೆ ಕೂಡುವರೆಂಬ ಕಾರಣದಿಂದ 1893ರಲ್ಲಿ ದೊಡ್ಡ ವಾದವೆದ್ದಿತು. ರಾನಡೆ, ಭಾಂಡಾರಕರರಂಥ ಹಿತೈಷಿಗಳು ಸಲಹಾಮಂಡಲವನ್ನು ಬಿಟ್ಟರು. ಪಾಲಕರು ಅನೇಕ ಹುಡುಗಿಯರನ್ನು ಕರೆದೊಯ್ದರು. ಆ ಪಾಲಕರ ಭಯವನ್ನೂ ನಾವು ಇಂದು ಅರ್ಥಮಾಡಿಕೊಳ್ಳಬಲ್ಲೆವು. ಬಾಯಿಯವರ ದೃಢತೆಯನ್ನೂ ಮೆಚ್ಚಬಲ್ಲೆವು. ಯಾರನ್ನೂ ಬಲಾತ್ಕಾರದಿಂದ ಪ್ರಾರ್ಥನೆಗೆ ಕರೆಯಲಿಲ್ಲ, ತಮ್ಮ ಬಾಗಿಲನ್ನು ಯಾರಿಗೂ ಮುಚ್ಚುವುದೂ ಇಲ್ಲ ಎಂಬುದೇ ಅವರ ನಿಲುವಾಗಿತ್ತು.

1896ರಲ್ಲಿ ಮತ್ತೆ ಬರಗಾಲ. ಮಧ್ಯಪ್ರಾಂತದಲ್ಲಿ ಜನರು ಸಾಯುತ್ತಿದ್ದಾರೆಂಬ ಸುದ್ದಿಯು ಬಂದಿತು. ಎಲೆ ತಿಂದು ಹನ್ನೊಂದು ದಿನ ಕಳೆದವರಿಗೆ ಆ ಸುದ್ದಿಯು ಬರಿಯ ಸುದ್ದಿಯಾಗಲಾರದು. ಬಾಯಿಯವರು ತಾವೇ ಹೋಗಿ, ಕ್ಷಾಮದ ಶಿಬಿರಗಳಲ್ಲಿಯೂ ಮರದಡಿಯಲ್ಲಿಯೂ ಬಿದ್ದಿದ್ದ ಬಾಲಕಿಯರನ್ನೂ ಬಾಲವಿಧವೆಯರನ್ನೂ ಎಬ್ಬಿಸಿ ಕರೆತಂದರು. ಅವರ ಸಂಖ್ಯೆಯು ಸುಮಾರು 300 ಆಯಿತು. ಪುಣೆಯ ಪೂರ್ವಕ್ಕೆ ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲಿ ಅವರಿಗಾಗಿ ಮುಕ್ತಿಸದನವು ತಲೆಯೆತ್ತಿತು. 1900ರ ಗುಜರಾಥದ ಕ್ಷಾಮದ ತರುವಾಯ ಅಲ್ಲಿಯ ನಿವಾಸಿಗಳು ಸಾವಿರಕ್ಕೂ ಬಹಳ ಮೀರಿದರು. ಓದುಬರಹದೊಡನೆ ನೇಯುವುದು, ಎಣ್ಣೆ ತೆಗೆಯುವುದು, ತೋಟ, ಹೈನು, ಮುದ್ರಣ ಮುಂತಾದ ಉದ್ಯೋಗಗಳನ್ನು ಕಲಿಸಿದರು. ಕುರುಡಿಯರಿಗೂ ಬೆರಳಿನಿಂದ ಓದುವ ವಿದ್ಯೆಯನ್ನು ಕಲಿಸಿದರು. ಮಗಳು ಮನೋರಮಾಬಾಯಿಯವರ ನೆರವಿನಿಂದ 1912ರ ಸುಮಾರಿಗೆ ನಮ್ಮ ಕನ್ನಡನಾಡಿನ ಕಲಬುರ್ಗಿಯಲ್ಲಿಯೂ ಒಂದು ಕ್ರೈಸ್ತ ಶಾಲೆಯನ್ನು ತೆರೆದರು. ಕೊನೆಯ ವರ್ಷಗಳಲ್ಲಿ ಹಿಬ್ರೂ, ಗ್ರೀಕು ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವಂಥ ಸರಳ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಿದರು; ಅದರ ಅಕ್ಷರಗಳನ್ನು ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1921ರಲ್ಲಿ ಮನೋರಮಾಬಾಯಿಯವರು ತಾಯಿಗಿಂತ ಮೊದಲೇ ತೀರಿಕೊಂಡರು. 1922ರ ಏಪ್ರಿಲ್ 5ರಂದು ಬಾಯಿಯವರ ಯಾತ್ರೆಯೂ ಮುಗಿಯಿತು. ಮುಕ್ತಿಯು ಇಂದಿಗೂ ನಡೆಯುತ್ತಿದೆ.

ಈ ಚರಿತ್ರೆಯನ್ನು ನಾವು ಏಕೆ ಹೇಳಿದೆವು? ಕಷ್ಟಪಟ್ಟವರೆಲ್ಲರೂ ದೊಡ್ಡವರಾಗುವರೆಂದು ತೋರಿಸುವುದಕ್ಕಲ್ಲ. ಆ ಬರಗಾಲದಲ್ಲಿ ಅದೇ ಹಾದಿಯಲ್ಲಿ ನಡೆದು ಬಿದ್ದವರು ಲೆಕ್ಕವಿಲ್ಲದಷ್ಟು ಮಂದಿ. ಅವರಲ್ಲಿ ರಮಾಬಾಯಿಯವರ ಸ್ವಂತ ತಾಯಿಯೂ ಅಕ್ಕನೂ ಇದ್ದರು. ಹಸಿವು ತಾನಾಗಿ ಯಾರನ್ನೂ ದೊಡ್ಡವರನ್ನಾಗಿ ಮಾಡುವುದಿಲ್ಲ. ಅನೇಕರು ಕಷ್ಟದಿಂದ ಪಾರಾದ ಮೇಲೆ ಕಲ್ಲಾಗುತ್ತಾರೆ. ತಾವು ಏರಿದ ಏಣಿಯನ್ನು ಮೇಲಕ್ಕೆಳೆದುಕೊಳ್ಳುತ್ತಾರೆ. ಬಾಯಿಯವರು ಹಾಗೆ ಮಾಡಲಿಲ್ಲ. ದೀರ್ಘ ಹಾದಿಯನ್ನು ಸವೆಸಿ ಮುಟ್ಟಿದವರಿಗೆ ಎರಡು ಆಯ್ಕೆಗಳುಂಟು: ತುದಿಯಲ್ಲಿ ಕುಳಿತು ಬಿರುದುಗಳನ್ನು ಎಣಿಸುವುದು ಒಂದು, ಕೆಳಗೆ ಉಳಿದವರಿಗಾಗಿ ಮರಳಿ ಇಳಿಯುವುದು ಇನ್ನೊಂದು. ಕಲಕತ್ತೆಯ ಪಂಡಿತೆಯು ಮಧ್ಯಪ್ರಾಂತದ ಮರದಡಿಗೆ ಇಳಿದು ಹೋದಳು. ಆಕೆಯ ಬೆಳವಣಿಗೆಯ ನಿಜವಾದ ಅಳತೆಯು 4,000 ಮೈಲಿಗಳಲ್ಲಿ ಇಲ್ಲ. ಆ ಇಳಿಯುವಿಕೆಯಲ್ಲಿ ಇದೆ.

ನಮ್ಮ ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ನಿಮ್ಮ ಮನೆತನದಲ್ಲಿ ಮೊದಲನೆಯ ಬಾರಿ ಹೈಸ್ಕೂಲಿನ ಮೆಟ್ಟಲನ್ನು ಹತ್ತಿದವರು. ನಿಮ್ಮ ದಾರಿಯಲ್ಲಿ ಹುಲಿಯು ಗರ್ಜಿಸುವುದಿಲ್ಲವಾದರೂ ಹೆದರಿಸುವ ಮಾತುಗಳು ಕೇಳಿಬರುವುವು. ಲಕ್ಷ್ಮೀಬಾಯಿಯಂತೆ ಒಂದು ರಾತ್ರಿ ನಡುಗಿದರೂ ಚಿಂತೆಯಿಲ್ಲ. ಬೆಳಗಾದ ಮೇಲೆ ಗುಡಿಸಲು ಕಟ್ಟಲು ಏಳಿರಿ. ಯಾರಾದರೂ ತೇಲುವ ಬೆಟ್ಟವನ್ನು ತೋರಿಸಿದರೆ ಬಳಿಗೆ ಹೋಗಿ ಪರೀಕ್ಷಿಸಿರಿ. ಮುಂದಿನ ರಜೆಯಲ್ಲಿ ನರಗುಂದದ ಗುಡ್ಡವನ್ನೋ ಗಜೇಂದ್ರಗಡದ ಗುಡ್ಡವನ್ನೋ ಏರಿದಾಗ ಒಮ್ಮೆ ಹಿಂದಿರುಗಿ ನೋಡಿರಿ. ಅರ್ಧದಾರಿಯಲ್ಲಿ ಒಬ್ಬ ತಂಗಿಯು ದಣಿದು ಕುಳಿತಿರಬಹುದು. ಇಳಿದುಹೋಗಿ ಅವಳ ಕೈಹಿಡಿಯಿರಿ. ಬೆತ್ತದ ಪೆಟ್ಟಿಗೆಯಲ್ಲಿದ್ದ ಕೂಸನ್ನು ಗಂಗಾಮೂಲದಿಂದ ಮುಕ್ತಿಯವರೆಗೆ ನಡೆಸಿದ ದೇವರು ನಿಮ್ಮ ಹೆಜ್ಜೆಗಳನ್ನೂ ಸ್ಥಿರಪಡಿಸಲೆಂದು ನಾವು ಪ್ರಾರ್ಥಿಸುತ್ತೇವೆ.